ಜಗಳೂರಿನ ಹುಡುಗ, ಗಣಿತದ ನೋಟ್ಸು ಮತ್ತು ಒಂದು 'ಕ್ಲೀನ್' ಲವ್ ಸ್ಟೋರಿ

ಹೋದ ತಿಂಗಳು ಚನ್ನಗಿರಿಯಿಂದ ಅಕ್ಕ ಫೋನ್ ಮಾಡಿದ್ಲು. ದನಿಯಲ್ಲೇ ಗೊತ್ತಾಯ್ತು, ಏನೋ ಆಗಿದೆ ಅಂತ.

"ಇವಳು ರಾತ್ರಿ ಹನ್ನೊಂದಾದ್ರೂ ಮೊಬೈಲ್ ಬಿಡಲ್ಲ ಕಣೇ. ಕೇಳಿದ್ರೆ ಓದ್ತಿದೀನಿ ಅಂತಾಳೆ. ಇಣುಕಿ ನೋಡಿದ್ರೆ ಯಾವುದೋ ಇಂಗ್ಲಿಷ್ ಕಾದಂಬರಿ. ಮುಖಪುಟದಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಬೆನ್ನಿಗೆ ಬೆನ್ನು ಕೊಟ್ಕೊಂಡು ನಿಂತಿದಾರೆ. ನನಗೆ ಅಷ್ಟು ಇಂಗ್ಲಿಷ್ ಬರಲ್ಲ. ನೀನೇ ಓದಿ ಹೇಳು, ಅದ್ರಲ್ಲಿ ಏನೈತೆ ಅಂತ."

ಅಕ್ಕನ ಮಗಳು ಪುಟ್ಟಿಗೆ ಈಗ ಹದಿನಾರು. ಮೊದಲ ಪಿಯುಸಿ ಸೈನ್ಸ್. ಅವಳಿಗೆ ಮೆಸೇಜ್ ಹಾಕಿದೆ. ಸಿಟ್ಟು ಮಾಡ್ಕೊಳ್ತಾಳೆ ಅಂದ್ಕೊಂಡಿದ್ದೆ. ಎರಡೇ ನಿಮಿಷಕ್ಕೆ ಪುಸ್ತಕದ ಲಿಂಕ್ ಬಂತು. ಜೊತೆಗೆ ಒಂದು ಸಾಲು: "ಓದು ಚಿಕ್ಕಿ, ಕ್ಲೀನ್ ಆಗೇ ಇದೆ. ಅಮ್ಮಂಗೆ ಹೇಳು."

ಹೀಗೆ ಮೂವತ್ತನೇ ವಯಸ್ಸಿಗೆ ನಾನು ಸೆನ್ಸಾರ್ ಬೋರ್ಡ್ ಆದೆ. ಆಫೀಸಿಗೆ ಹೋಗ್ತಾ ಬರ್ತಾ, ಮೆಟ್ರೊದಲ್ಲಿ ನಿಂತ್ಕೊಂಡು, ಮೂರು ದಿನದಲ್ಲಿ ಇಡೀ ಪುಸ್ತಕ ಓದಿ ಮುಗಿಸಿದೆ.

ಕಥೆ ಸರಳ. ಒಂದು ಹೈಸ್ಕೂಲು. ಇಬ್ಬರು ಟಾಪರ್‌ಗಳು. ಮಾರ್ಕ್ಸಿನಲ್ಲಿ ಪೈಪೋಟಿ, ಚರ್ಚಾಸ್ಪರ್ಧೆಯಲ್ಲಿ ಪೈಪೋಟಿ, ಕೊನೆಗೆ ಶಾಲೆಯ ನಾಯಕತ್ವದ ಚುನಾವಣೆಯಲ್ಲೂ ಪೈಪೋಟಿ. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗಲ್ಲ. ಆದರೆ ಪುಸ್ತಕ ಅರ್ಧ ಆಗೋ ಹೊತ್ತಿಗೆ ಇಬ್ಬರಿಗೂ ಒಂದು ವಿಷಯ ಅರ್ಥವಾಗುತ್ತೆ: ಇಡೀ ಶಾಲೆಯಲ್ಲಿ ತನ್ನ ಕೆಲಸವನ್ನು ಇಷ್ಟು ಗಮನ ಇಟ್ಟು ನೋಡ್ತಿರೋದು ಆ ಎದುರಾಳಿ ಒಬ್ಬನೇ, ಒಬ್ಬಳೇ. ಕೊನೆಯ ಅಧ್ಯಾಯದಲ್ಲಿ ಕೈ ಹಿಡ್ಕೋತಾರೆ. ಅಷ್ಟೇ. ಅಕ್ಕ ಹೆದರಿದ್ದಂಥದ್ದು ಒಂದು ಪುಟವೂ ಇಲ್ಲ.

ಇಂಥ ಕಥೆಗೆ ಇಂಗ್ಲಿಷಿನ ಓದುಗರು 'ರೈವಲ್ಸ್ ಟು ಲವರ್ಸ್' ಅಂತಾರೆ. ಎದುರಾಳಿಗಳು ಪ್ರೇಮಿಗಳಾಗೋ ಕಥೆ. ಶತ್ರುಗಳಲ್ಲ, ಎದುರಾಳಿಗಳು. ಶತ್ರುವಿಗೆ ನೀವು ಹಾಳಾಗಬೇಕು. ಎದುರಾಳಿಗೆ ನೀವು ಆಟದಲ್ಲಿ ಇರಬೇಕು, ಇಲ್ಲದಿದ್ದರೆ ಆಟವೇ ಇಲ್ಲ.

ಅಕ್ಕನಿಗೆ ಫೋನ್ ಮಾಡಿ "ಚೆನ್ನಾಗೇ ಇದೆ, ಬಿಡು" ಅಂದೆ. ಅಕ್ಕ "ಲವ್ ಐತೋ ಇಲ್ವೋ ಅಷ್ಟು ಹೇಳು" ಅಂದ್ಲು. ಐತೆ ಅಂದೆ. "ಹಂಗಾದ್ರೆ ಎಲ್ಲಿ ಚೆನ್ನಾಗೈತೆ?" ಅಂತ ಫೋನ್ ಇಟ್ಟುಬಿಟ್ಲು.

ಆ ಪ್ರಶ್ನೆ ತಲೆಯಲ್ಲೇ ಉಳೀತು. ಇವತ್ತಿನ ಅಂಕಣ ಅದರ ಬಗ್ಗೆ.

ಮೊದಲು ಒಂದು ಮಾತು. ಇದೇನು ಈಗ ಹುಟ್ಟಿದ ಫ್ಯಾಷನ್ ಅಲ್ಲ. ಜೇನ್ ಆಸ್ಟಿನ್ 'ಪ್ರೈಡ್ ಅಂಡ್ ಪ್ರೆಜುಡಿಸ್' ಬರೆದು ಪ್ರಕಟಿಸಿದ್ದು 1813ರಲ್ಲಿ. ಅದರಲ್ಲಿ ಡಾರ್ಸಿ ಮೊದಲ ಸಲ ಮದುವೆಯ ಪ್ರಸ್ತಾಪ ಇಟ್ಟಾಗ ಎಲಿಜಬೆತ್ ಖಡಾಖಂಡಿತವಾಗಿ ಬೇಡ ಅಂತಾಳೆ. ಅವನು ಅವಳ ಬೆನ್ನು ಹತ್ತಿ ಕಾಡೋದಿಲ್ಲ. ಒಂದು ಕಾಗದ ಬರೆದು ಕೊಟ್ಟು ಹೋಗಿ, ಅವಳು ಹೇಳಿದ ಮಾತಿನಲ್ಲಿ ನಿಜ ಎಷ್ಟು ಅಂತ ತನ್ನನ್ನೇ ನೋಡ್ಕೋತಾನೆ. ಕಥೆ ತಿರುಗೋದೇ ಅಲ್ಲಿ.

ಹದಿಹರೆಯದವರಿಗೆ ಇನ್ನೂ ಹತ್ತಿರದ್ದು 1908ರ 'ಆ್ಯನ್ ಆಫ್ ಗ್ರೀನ್ ಗೇಬಲ್ಸ್'. ಕೆನಡಾದ ಎಲ್.ಎಂ. ಮಾಂಟ್‌ಗೊಮೆರಿ ಬರೆದದ್ದು. ಗಿಲ್ಬರ್ಟ್ ಅನ್ನೋ ಹುಡುಗ ತರಗತಿಯಲ್ಲಿ ಆ್ಯನ್‌ಳ ಕೆಂಚು ಜಡೆ ಹಿಡಿದು ಕ್ಯಾರೆಟ್ ಅಂತ ಗೇಲಿ ಮಾಡ್ತಾನೆ. ಅವಳು ಸ್ಲೇಟು ಎತ್ತಿ ಅವನ ತಲೆಗೆ ಕುಕ್ಕುತ್ತಾಳೆ. ಸ್ಲೇಟು ಎರಡು ಹೋಳು. ಆಮೇಲೆ ವರ್ಷಗಟ್ಟಲೆ ಮಾತಿಲ್ಲ, ಬರೀ ರ‍್ಯಾಂಕಿಗೆ ಪೈಪೋಟಿ. ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಇಬ್ಬರೂ ಸಮಸಮ ಬಂದು ಮೊದಲ ಸ್ಥಾನ ಹಂಚ್ಕೋತಾರೆ. ಕೊನೆಗೆ ಅವಳು ಮನೆ ಬಿಟ್ಟು ದೂರ ಹೋಗೋ ಹಾಗಿಲ್ಲ ಅಂತ ಗೊತ್ತಾದಾಗ ಅವನು ಊರಿನ ಶಾಲೆಯ ಕೆಲಸ ಅವಳಿಗೆ ಬಿಟ್ಟುಕೊಟ್ಟು ತಾನು ಬೇರೆ ಊರಿಗೆ ಹೋಗ್ತಾನೆ. ಮೊದಲ ಪುಸ್ತಕ ಮುಗಿಯೋದು ಪ್ರೇಮದಲ್ಲಲ್ಲ, ಸ್ನೇಹದಲ್ಲಿ. ಪ್ರೇಮಕ್ಕೆ ಮುಂದಿನ ಪುಸ್ತಕಗಳವರೆಗೆ ಕಾಯಬೇಕು.

ಸರಿ, ಅದು ಅವರ ಊರು. ನಮ್ಮಲ್ಲಿ?

ನಮ್ಮಮ್ಮ ದೊಡ್ಡ ಕಾದಂಬರಿ ಹುಚ್ಚಿನವಳು. ನ್ಯಾಮತಿಯಲ್ಲಿ ನಮ್ಮ ಮನೆ. ಆಗ ನ್ಯಾಮತಿ ಇನ್ನೂ ತಾಲ್ಲೂಕು ಆಗಿರಲಿಲ್ಲ, ಹೊನ್ನಾಳಿ ತಾಲ್ಲೂಕಿನಲ್ಲೇ ಇತ್ತು. ಅಮ್ಮ ಹೊನ್ನಾಳಿಗೆ ಸಂತೆಗೋ ಆಸ್ಪತ್ರೆಗೋ ಹೋದಾಗಲೆಲ್ಲ ಬಾಡಿಗೆಗೆ ಪುಸ್ತಕ ಕೊಡೋ ಅಂಗಡಿಗೆ ಹೋಗೇ ಬರ್ತಿದ್ಲು. ತ್ರಿವೇಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆ. ಸುಧಾ, ತರಂಗದಲ್ಲಿ ಬರ್ತಿದ್ದ ಧಾರಾವಾಹಿಯ ಹಾಳೆ ಹರಿದು, ದಾರ ಹಾಕಿ ಹೊಲಿದು, ರಟ್ಟು ಅಂಟಿಸಿ ಇಟ್ಕೋತಿದ್ಲು. ಅಂಥ ಹೊಲಿದ ಪುಸ್ತಕಗಳು ಒಂದು ಟ್ರಂಕಿನ ತುಂಬ ಈಗಲೂ ಇವೆ.

ಆ ಟ್ರಂಕಿನಲ್ಲಿ ಜಗಳ ಆಡೋ ನಾಯಕ–ನಾಯಕಿಯರಿಗೆ ಬರ ಇರಲಿಲ್ಲ. ಉಷಾ ನವರತ್ನರಾಂ ಅವರ 'ಹೊಂಬಿಸಿಲು' ಅಮ್ಮನಿಗೆ ಬಲು ಇಷ್ಟ. ಗೀತಪ್ರಿಯ ಅದನ್ನು 1978ರಲ್ಲಿ ಸಿನಿಮಾ ಮಾಡಿದ್ರು, ವಿಷ್ಣುವರ್ಧನ್ ಮತ್ತು ಆರತಿ. ಓದಿದವರ ನಡುವಿನ ಸ್ವಾಭಿಮಾನದ ತಿಕ್ಕಾಟ, ಆಮೇಲೆ ನಿಧಾನಕ್ಕೆ ಕರಗೋದು. ಅಮ್ಮ ಟಿವಿಯಲ್ಲಿ ಅದು ಬಂದಾಗಲೆಲ್ಲ ರೊಟ್ಟಿ ಬಡಿಯೋದು ಬಿಟ್ಟು ಬಂದು ಕೂರ್ತಿದ್ಲು.

ಆದರೆ ನಮ್ಮ ಸಿನಿಮಾಕ್ಕೆ ಹೆಚ್ಚು ಹಿಡಿಸಿದ್ದು ಬೇರೆ ಥರದ ಜಗಳ. 1976ರ 'ಬಹದ್ದೂರ್ ಗಂಡು', 1989ರ 'ನಂಜುಂಡಿ ಕಲ್ಯಾಣ' ಎರಡಕ್ಕೂ ಮೂಲ ಶೇಕ್ಸ್‌ಪಿಯರನ 'ಟೇಮಿಂಗ್ ಆಫ್ ದ ಶ್ರೂ' ನಾಟಕ. ಅಂದರೆ ಬಜಾರಿ ಹುಡುಗಿಯ ಸೊಕ್ಕು ಮುರಿಯೋ ಕಥೆ. ನಾನೂ ಎಷ್ಟೋ ಸಲ ನೋಡಿ ನಕ್ಕಿದೀನಿ, ಸುಳ್ಳು ಯಾಕೆ ಹೇಳಲಿ. ಆದರೆ ಅಲ್ಲಿ ಇಬ್ಬರು ಎದುರಾಳಿಗಳಿಲ್ಲ. ಒಬ್ಬರು ಪಳಗಿಸೋರು, ಒಬ್ಬರು ಪಳಗೋರು. ಪ್ರೇಮ ಆಗಬೇಕಾದರೆ ಹುಡುಗಿ ಸೋಲಬೇಕು.

ಇನ್ನೊಂದು ದಾರಿ ದುರಂತದ್ದು. ನಮ್ಮ ಜಿಲ್ಲೆಯ ಮಲೇಬೆನ್ನೂರಿನಲ್ಲಿ ಹುಟ್ಟಿದ ತರಾಸು ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ತೆಗೆದ್ರು. ಕಾಲೇಜು ಹುಡುಗ ರಾಮಾಚಾರಿಯ ಕಥೆ ಕೊನೆಗೆ ಚಿತ್ರದುರ್ಗದ ಬೆಟ್ಟದ ಮೇಲೆ ಮುಗಿಯೋದು ಹೇಗೆ ಅಂತ ನಿಮಗೆಲ್ಲ ಗೊತ್ತು. ಹದಿಹರೆಯದಲ್ಲಿ ಪ್ರೀತಿಸಿದರೆ ಬೆಟ್ಟದಿಂದ ಹಾರಬೇಕು ಅನ್ನೋ ಹಾಗೆ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅಕ್ಕನ ತಲೆಯಲ್ಲೂ ಅದೇ.

ಹಾಗಂತ ನಮ್ಮ ಲೇಖಕಿಯರು ಬೇರೆ ದಾರಿ ತೋರಿಸಲೇ ಇಲ್ಲ ಅಂತಲ್ಲ. ತ್ರಿವೇಣಿಯವರ 'ಬೆಳ್ಳಿಮೋಡ' ನೋಡಿ, 1967ರಲ್ಲಿ ಪುಟ್ಟಣ್ಣ ಅವರೇ ಸಿನಿಮಾ ಮಾಡಿದ್ದು. ಇಂದಿರೆಯ ಆಸ್ತಿ ನೋಡಿ ಮದುವೆಗೆ ಒಪ್ಪಿದ್ದ ಮೋಹನ, ಅವಳಿಗೊಬ್ಬ ತಮ್ಮ ಹುಟ್ಟಿದ ಮೇಲೆ ಹಿಂದೆ ಸರೀತಾನೆ. ಮುಂದೆ ಅವನೇ ಕಾಲು ಮುರ್ಕೊಂಡು ಬಿದ್ದಾಗ ಅವಳು ಆರೈಕೆ ಮಾಡ್ತಾಳೆ. ಈಗ ಮದುವೆಯಾಗ್ತೀನಿ ಅಂತಾನೆ. ಅವಳು ಬೇಡ ಅಂತಾಳೆ. ಅರವತ್ತರ ದಶಕದ ಒಬ್ಬ ಕನ್ನಡದ ಹುಡುಗಿ, ತಲೆ ಎತ್ತಿ, ಬೇಡ ಅಂದಳು. ಅಮ್ಮ ಅದನ್ನು ಎಷ್ಟು ಸಲ ಓದಿದಾಳೋ ಲೆಕ್ಕ ಇಲ್ಲ.

ಅಮ್ಮನ ಈ ಓದು ನನ್ನ ಓದನ್ನು ಹೇಗೆ ಉಳಿಸಿತು ಅಂತ ಈಗ ಹೇಳಬೇಕು. ಇದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ.

2012. ದಾವಣಗೆರೆಯಲ್ಲಿ ಎರಡನೇ ಪಿಯುಸಿ, ಹಾಸ್ಟೆಲ್ ವಾಸ. ನಮ್ಮ ಕ್ಲಾಸಿನಲ್ಲಿ ಜಗಳೂರು ಕಡೆಯ ಒಬ್ಬ ಹುಡುಗ ಇದ್ದ. ಊರ ಹೆಸರಲ್ಲೇ ಜಗಳ ಐತೆ ಅಂತ ನಾವು ರೇಗಿಸ್ತಿದ್ವಿ. ಅವನು ಬಿಡ್ತಿರಲಿಲ್ಲ. "ನೀವು ಶಿವಮೊಗ್ಗದೋರು, ನಮ್ಮ ಜಿಲ್ಲೆಗೆ ಬಂದು ಸೇರ್ಕೊಂಡೋರು" ಅಂತಿದ್ದ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಹೊನ್ನಾಳಿ, ಚನ್ನಗಿರಿಗಳನ್ನು ಶಿವಮೊಗ್ಗದಿಂದ, ಜಗಳೂರನ್ನು ಚಿತ್ರದುರ್ಗದಿಂದ ತಂದು ಸೇರಿಸಿದ್ರಲ್ಲ, ಅದರ ಗುದ್ದಾಟ. ನೀವೂ ದುರ್ಗದಿಂದ ಬಂದೋರೇ ತಾನೆ ಅಂತ ನಾನು.

ನಗು ಇದ್ದರೂ ವ್ಯತ್ಯಾಸ ನಿಜವಾದದ್ದು. ನಮ್ಮ ಕಡೆ ಹೊಳೆ, ಅಡಿಕೆ, ಭತ್ತ. ಅವನ ಕಡೆ ಮಳೆ ಬಂದರೆ ಮೆಕ್ಕೆಜೋಳ, ಇಲ್ಲದಿದ್ದರೆ ಇಲ್ಲ. ನಾನು ಟ್ಯೂಷನ್‌ಗೆ ಹೋಗ್ತಿದ್ದೆ. ಅವನು ಹೋಗ್ತಿರಲಿಲ್ಲ. ಆದರೂ ಗಣಿತದಲ್ಲಿ ಪ್ರತಿ ಟೆಸ್ಟಿನಲ್ಲೂ ಅವನೇ ಮೇಲೆ. ಫಿಸಿಕ್ಸ್‌ನಲ್ಲಿ ನಾನು. ಪೇಪರ್ ಕೊಟ್ಟ ತಕ್ಷಣ ನಾನು ನನ್ನ ಮಾರ್ಕ್ಸ್ ನೋಡ್ತಿರಲಿಲ್ಲ, ಮೊದಲು ಅವನ ಮುಖ ನೋಡ್ತಿದ್ದೆ. ಅವನೂ ಅಷ್ಟೇ. ವರ್ಷದಲ್ಲಿ ನಾವು ನೆಟ್ಟಗೆ ಮಾತಾಡಿದ್ದು ಹತ್ತು ಸಲವೂ ಇರಲಿಕ್ಕಿಲ್ಲ.

ಪರೀಕ್ಷೆಗೆ ಮೂರು ತಿಂಗಳಿದೆ ಅನ್ನುವಾಗ ನನಗೆ ಟೈಫಾಯ್ಡ್ ಆಯ್ತು. ಹದಿನೈದು ದಿನ ನ್ಯಾಮತಿಯಲ್ಲಿ ಮಲಗಿದ್ದೆ. ವಾಪಸ್ ಹಾಸ್ಟೆಲ್‌ಗೆ ಬಂದಾಗ ರೂಮಿನ ಗೆಳತಿ ಒಂದು ನೋಟ್‌ಬುಕ್ ಕೊಟ್ಲು. ಆ ಹದಿನೈದು ದಿನದ ಗಣಿತ, ಅಂದರೆ ಇಂಟಿಗ್ರೇಷನ್ ಪೂರ್ತಿ, ಒಂದೊಂದು ಸ್ಟೆಪ್ಪೂ ಬಿಡದೆ ಬರೆದದ್ದು. ಅವನ ಅಕ್ಷರ ನನಗೆ ಗೊತ್ತಿತ್ತು. ಕೊನೆಯ ಪುಟದಲ್ಲಿ ಕನ್ನಡದಲ್ಲಿ ಇಷ್ಟೇ: "ಹುಷಾರಾಗು. ನೀನಿಲ್ದೆ ಫಸ್ಟ್ ಬಂದ್ರೆ ಅದು ಲೆಕ್ಕಕ್ಕಿಲ್ಲ."

ಮಾರನೇ ವಾರ ಹಾಸ್ಟೆಲ್‌ನಲ್ಲಿ ತಪಾಸಣೆ ಆಯ್ತು. ನೋಟ್‌ಬುಕ್ ಸಿಕ್ತು. ಹುಡುಗನ ಅಕ್ಷರ, ಕೊನೆಯ ಪುಟದ ಸಾಲು. ನನ್ನ ಅಪ್ಪ–ಅಮ್ಮನಿಗೆ ಫೋನ್ ಹೋಯ್ತು. ಅವನ ಮನೆಗೂ ಹೋಯ್ತು.

ಅಪ್ಪ ಬಂದವರೇ ಒಂದೂ ಮಾತಾಡಲಿಲ್ಲ. ನನಗೆ ಅದೇ ಹೆಚ್ಚು ಹೆದರಿಕೆ. ಅದರ ಹಿಂದಿನ ವರ್ಷವಷ್ಟೇ ನಮ್ಮ ಬೀದಿಯ ಒಬ್ಬಳು ಹುಡುಗಿಯನ್ನು ಇಂಥದ್ದೇ ಕಾರಣಕ್ಕೆ ಕಾಲೇಜು ಬಿಡಿಸಿದ್ರು. ಆ ಹುಡುಗ ಡಿಗ್ರಿ ಮುಗಿಸಿದ. ಅವಳಿಗೆ ಮದುವೆ ಆಯ್ತು. ನಮ್ಮ ಕಡೆ ಲೆಕ್ಕ ಯಾವಾಗಲೂ ಹೀಗೇ.

ವಾರ್ಡನ್ ನೋಟ್‌ಬುಕ್ ಅನ್ನು ಮೇಜಿನ ಮೇಲೆ ಇಟ್ಟು "ನೋಡಿ, ನಿಮ್ಮ ಮಗಳ ಪ್ರೇಮಪತ್ರ" ಅಂದ್ರು. ಅಮ್ಮ ಅದನ್ನು ತಗೊಂಡು ಬೆಂಚಿನ ಮೇಲೆ ಕೂತ್ಲು. ಮೊದಲ ಪುಟದಿಂದ ಒಂದೊಂದೇ ಹಾಳೆ ತಿರುವಿದ್ಲು. ಅಮ್ಮ ಓದಿದ್ದು ಏಳನೇ ಕ್ಲಾಸು. ಇಂಟಿಗ್ರೇಷನ್ ಚಿಹ್ನೆ ಅವಳಿಗೆ ಉದ್ದ ಹಾವಿನ ಥರ ಕಂಡಿರಬೇಕು. ಕೊನೆಯ ಪುಟಕ್ಕೆ ಬಂದು, ಆ ಸಾಲು ಓದಿ, ನೋಟ್‌ಬುಕ್ ಮುಚ್ಚಿದ್ಲು.

"ಇದು ಪ್ರೇಮಪತ್ರ ಅಲ್ಲ ಮೇಡಂ. ನಾನು ಇಪ್ಪತ್ತು ವರ್ಷದಿಂದ ಕಾದಂಬರಿ ಓದ್ತಿದೀನಿ, ನನಗೆ ಗೊತ್ತಾಗುತ್ತೆ. ಇದು ಓದೋ ಹುಡುಗ ಓದೋ ಹುಡುಗಿಗೆ ಬರೆದಿರೋದು. ಇಷ್ಟು ಹಾಳೆ ಬರೆಯೋಕೆ ಆ ಮಗು ಎಷ್ಟು ರಾತ್ರಿ ಕೂತಿತ್ತೋ. ಪರೀಕ್ಷೆ ಮುಗಿಯೋವರೆಗೂ ನನ್ನ ಮಗಳು ಇಲ್ಲೇ ಇರ್ತಾಳೆ."

ಅಪ್ಪ ಅಮ್ಮನ ಮುಖ ನೋಡಿದ್ರು. ಆಮೇಲೆ "ಹೌದು, ಇರಲಿ" ಅಂದ್ರು. ಅಷ್ಟೇ. ಅವತ್ತು ಅಮ್ಮ ಆ ಮಾತು ಆಡದೇ ಇದ್ದಿದ್ದರೆ ನಾನು ಇವತ್ತು ಈ ಅಂಕಣ ಬರೀತಿರಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೆ ಅವರನ್ನು ಬಿಡೋಕೆ ಹೋಗಿದ್ದೆ. ಅಪ್ಪ ಟಿಕೆಟ್ ವಿಚಾರಿಸೋಕೆ ಆಕಡೆ ಹೋದಾಗ ಅಮ್ಮ ಮೆಲ್ಲಗೆ ಅಂದ್ಲು: "ಕೊನೇ ಸಾಲು ಮಾತ್ರ ಚೆನ್ನಾಗಿತ್ತು ಕಣೇ."

ಅವನ ಅಪ್ಪನನ್ನೂ ಅವತ್ತೇ ನೋಡಿದೆ. ಪ್ರಿನ್ಸಿಪಾಲರ ಕೋಣೆಯ ಬಾಗಿಲಲ್ಲಿ, ಹೆಗಲ ಮೇಲಿನ ಟವೆಲ್ ಕೈಯಲ್ಲಿ ಹಿಡ್ಕೊಂಡು ನಿಂತಿದ್ರು. ಕೂಲಿ ಬಿಟ್ಟು ಜಗಳೂರಿನಿಂದ ಬಂದಿದ್ರು. ಅವರ ಪರವಾಗಿ ಅಲ್ಲಿ ಮಾತಾಡೋಕೆ ಯಾರೂ ಇರಲಿಲ್ಲ. ನಾನೂ ಮಾತಾಡಲಿಲ್ಲ. ಅದು ನನ್ನ ತಪ್ಪು, ಇವತ್ತಿಗೂ ಚುಚ್ಚುತ್ತೆ. ನನಗೆ ಸಹಾಯ ಮಾಡಿದ್ದಕ್ಕೆ ಆ ಹುಡುಗ ಎರಡು ದಿನ ಕ್ಲಾಸಿನಿಂದ ಹೊರಗಿದ್ದ. ವಾಪಸ್ ಬಂದ ಮೇಲೆ ನನ್ನ ಕಡೆ ನೋಡುವುದನ್ನೇ ಬಿಟ್ಟ.

ಪಿಯುಸಿ ರಿಸಲ್ಟ್‌ನಲ್ಲಿ ಒಟ್ಟು ನಾಲ್ಕು ಮಾರ್ಕ್ಸಿನಿಂದ ಅವನು ಗೆದ್ದ. ಇಬ್ಬರಿಗೂ ಇಂಜಿನಿಯರಿಂಗ್ ಸೀಟು ಸಿಕ್ತು, ಬೇರೆ ಬೇರೆ ಊರಿನಲ್ಲಿ. ಎಂಟು ವರ್ಷ ಆದ ಮೇಲೆ ಒಂದು ದಿನ ಲಿಂಕ್ಡ್‌ಇನ್‌ನಲ್ಲಿ ಅವನ ಹೆಸರು ಕಂಡಿತು. ಬರೆದೆ: "ಆವತ್ತು ಥ್ಯಾಂಕ್ಸ್ ಹೇಳಲಿಲ್ಲ. ನಿಮ್ಮ ತಂದೆಯವರ ಹತ್ರ ಸಾರಿನೂ ಕೇಳಲಿಲ್ಲ. ಎರಡೂ ಈಗ ಹೇಳ್ತಿದೀನಿ." ಅವತ್ತು ರಾತ್ರಿಯೇ ಉತ್ತರ ಬಂತು: "ಅಪ್ಪಾಜಿ ಚೆನ್ನಾಗಿದಾರೆ. ಆ ನಾಲ್ಕು ಮಾರ್ಕ್ಸ್ ಮರೆತಿಲ್ಲ ತಾನೆ?"

ಮುಂದೇನಾಯ್ತು ಅಂತ ಕೇಳ್ತೀರಿ, ಗೊತ್ತು. ಏನೂ ಆಗಲಿಲ್ಲ. ಅವನಿಗೆ ಮದುವೆಯಾಗಿದೆ, ನನಗೂ ಆಗಿದೆ. ಯುಗಾದಿಗೆ ಒಂದು ಮೆಸೇಜ್ ಬರುತ್ತೆ, ಅಷ್ಟೇ. ಆಗ ಇಷ್ಟ ಇತ್ತಾ? ಇತ್ತು ಅನ್ಸುತ್ತೆ. ಆದರೆ ಅದಕ್ಕೆ ಏನು ಹೆಸರಿಡಬೇಕು ಅಂತ ಆ ವಯಸ್ಸಿನಲ್ಲಿ ನನಗೆ ಗೊತ್ತಿರಲಿಲ್ಲ. ಹೇಳಿಕೊಡೋ ಕಥೆಯೂ ನನ್ನ ಹತ್ತಿರ ಇರಲಿಲ್ಲ. ನನಗೆ ಗೊತ್ತಿದ್ದದ್ದು ಎರಡೇ: ಒಂದೋ ಪಳಗಬೇಕು, ಇಲ್ಲ ಬೆಟ್ಟ ಹತ್ತಬೇಕು. ಒಬ್ಬ ಹುಡುಗ ನನ್ನ ಬುದ್ಧಿಯನ್ನು ಗೌರವಿಸಬಹುದು, ನಾನು ಅವನದನ್ನು ಮೆಚ್ಚಬಹುದು, ಇಬ್ಬರೂ ಓದು ಬಿಡಬೇಕಿಲ್ಲ ಅನ್ನೋ ಮೂರನೇ ಕಥೆ ಇರಲಿಲ್ಲ.

ನೀವೂ ನನ್ನ ಹಾಗೆ ಐಟಿಯಲ್ಲಿದ್ದರೆ ಈ ಭಾವನೆ ಇನ್ನೊಂದು ರೂಪದಲ್ಲಿ ಪರಿಚಯ ಇರುತ್ತೆ. ನಿಮ್ಮ ಟೀಮಿನಲ್ಲಿ ಕೋಡ್ ರಿವ್ಯೂ ಮಾಡುವಾಗ ಹದಿನೈದು ಕಾಮೆಂಟ್ ಹಾಕೋ ಒಬ್ಬರು ಇರ್ತಾರೆ. ಮೊದಮೊದಲು ಮೈ ಉರಿಯುತ್ತೆ. ಆಮೇಲೊಂದು ದಿನ ಅರಿವಾಗುತ್ತೆ, ಕಣ್ಣುಮುಚ್ಚಿ ಓಕೆ ಒತ್ತೋರಿಗಿಂತ ಇವರೇ ನನ್ನ ಕೆಲಸವನ್ನು ನಿಜವಾಗಿ ಓದಿದ್ದು ಅಂತ. ಎದುರಾಳಿ ಅಂದ್ರೆ ಅದು.

ಈ ಎಲ್ಲ ತಲೆಯಲ್ಲಿಟ್ಟುಕೊಂಡು ಶುಕ್ರವಾರ ರಾತ್ರಿ ಬಸ್ ಹತ್ತಿ ಚನ್ನಗಿರಿಗೆ ಹೋದೆ. ಅಕ್ಕ ಮಂಡಕ್ಕಿ ಒಗ್ಗರಣೆ ಮಾಡ್ತಾ ಮುಖ ಊದಿಸ್ಕೊಂಡೇ ಇದ್ಲು. ಪುಟ್ಟಿ ಮೂಲೆಯಲ್ಲಿ.

"ಅಕ್ಕ, ನಿನಗೆ ಹೆದರಿಕೆ ಪುಸ್ತಕದ್ದಾ, ಮಗಳದ್ದಾ?"

ಸ್ವಲ್ಪ ಹೊತ್ತು ಸೌಟು ಆಡಿಸಿದ್ಲು. "ಜನರದ್ದು. ಏನಾದ್ರೂ ಆದ್ರೆ ಓದು ನಿಲ್ಲೋದು ಇವಳದ್ದೇ ತಾನೆ? ಆ ಹುಡುಗಂದಲ್ಲ."

"ಯಾವ ಹುಡುಗ?" ಅಂದೆ.

ಪುಟ್ಟಿ ಮೂಲೆಯಿಂದಲೇ ಹೇಳಿದ್ಲು: "ನಮ್ಮ ಕ್ಲಾಸಲ್ಲಿ ಒಬ್ಬ ಇದಾನೆ ಚಿಕ್ಕಿ. ನೀಟ್ ಮಾಕ್ ಟೆಸ್ಟಲ್ಲಿ ಪ್ರತಿ ಸಲ ನನಗಿಂತ ಐದೋ ಆರೋ ಜಾಸ್ತಿ. ಅವನಿದಾನೆ ಅಂತಾನೇ ನಾನು ಓದೋದು. ಲವ್ವೂ ಇಲ್ಲ ಏನೂ ಇಲ್ಲ. ಅದಕ್ಕೇ ಆ ಪುಸ್ತಕ ಇಷ್ಟ ಆಯ್ತು. ನನ್ನ ಥರದವಳು ಅದರಲ್ಲಿದಾಳೆ."

ಅಕ್ಕ ಒಲೆ ಆರಿಸಿದ್ಲು.

ನನಗೆ ಉಪಾಯ ಹೊಳೆದದ್ದು ಆಗ. ಅಮ್ಮ ಅವತ್ತು ನೋಟ್‌ಬುಕ್ ಓದಿದ್ದಕ್ಕೇ ತಾನೆ ನಾನು ಉಳಿದದ್ದು? ಸಂಜೆ ಅಕ್ಕನನ್ನು ಜಗುಲಿಯಲ್ಲಿ ಕೂರಿಸಿ, ಪುಟ್ಟಿಯ ಮೊಬೈಲ್ ಹಿಡಿದು, ಆ ಇಂಗ್ಲಿಷ್ ಕಥೆಯನ್ನು ನಮ್ಮ ಕನ್ನಡದಲ್ಲಿ ಹೇಳ್ತಾ ಹೋದೆ. ಮೊದಲ ಎರಡು ಅಧ್ಯಾಯ ಅಕ್ಕ ಅವರೆಕಾಯಿ ಸುಲಿಯೋದರಲ್ಲೇ ಇದ್ಲು. ಮೂರನೆಯದಕ್ಕೆ "ಈ ಹುಡುಗಿ ಯಾಕೆ ಸುಮ್ನಿದಾಳೆ, ಒಂದು ಕೊಡಬಾರದಾ?" ಅಂದ್ಲು. ಭಾನುವಾರ ಬೆಳಿಗ್ಗೆ ಕಾಫಿ ಕೊಡ್ತಾ ಅವಳೇ ಕೇಳಿದ್ಲು: "ಆಮೇಲೇನಾಯ್ತೇ?" ಆ ಹುಡುಗ ಸಾರಿ ಕೇಳೋ ಭಾಗ ಬಂದಾಗ ಅವಳಿಗೆ ಸಿಟ್ಟು. "ಇಷ್ಟು ದಿನ ಬೇಕಾ ಇವನಿಗೆ?"

ಕೊನೆಯ ಅಧ್ಯಾಯ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮಗಳ ಕಡೆ ತಿರುಗಿದ್ಲು. "ಇಂಥದ್ದು ಕನ್ನಡದಲ್ಲಿ ಇದ್ರೆ ಕೊಡು. ಇಬ್ರೂ ಓದಬಹುದು."

ನನ್ನ ಹತ್ತಿರ ತಕ್ಷಣ ಕೈಗೆ ಕೊಡೋಕೆ ಇರಲಿಲ್ಲ. ಮಕ್ಕಳ ಕಥೆ ಇವೆ. ದೊಡ್ಡವರ ಕಾದಂಬರಿ ಇವೆ. ಅಮ್ಮನ ಟ್ರಂಕಿನ ನಾಯಕಿಯರಿಗೆಲ್ಲ ಮದುವೆಯ ವಯಸ್ಸು. ಹದಿನಾರರ ಹುಡುಗಿಗೆ, ಪಿಯುಸಿ ಮತ್ತು ನೀಟ್ ನಡುವೆ ಸಿಕ್ಕಿಬಿದ್ದವಳಿಗೆ, ಅವಳದೇ ಊರಿನ ಕಥೆ ಬೇಕು. ಅದು ಬೆರಳೆಣಿಕೆ. ಅದಕ್ಕೇ ಪುಟ್ಟಿ ಇಂಗ್ಲಿಷಿಗೆ ಹೋಗಿದ್ದು, ಕೆಟ್ಟುಹೋಗೋಕಲ್ಲ.

ವಾಪಸ್ ಬರೋ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಆಫೀಸಿನ ಅಭ್ಯಾಸ, ಮೊಬೈಲ್‌ನಲ್ಲಿ ರಿಕ್ವೈರ್‌ಮೆಂಟ್ ಬರೆದೆ. ನನಗೆ ಬೇಕಾದ ಕಾದಂಬರಿ ಹೀಗಿರಬೇಕು.

ಹುಡುಗಿ ಜಗಳೂರಿನವಳು, ಹುಡುಗ ಚನ್ನಗಿರಿಯ ಅಡಿಕೆ ತೋಟದ ಮನೆಯವನು. ಮೊದಲ ಭೇಟಿ ಜಿಲ್ಲಾಮಟ್ಟದ ವಿಜ್ಞಾನ ವಸ್ತುಪ್ರದರ್ಶನದಲ್ಲಿ. ಇಬ್ಬರದ್ದೂ ನೀರಿನ ಮಾಡೆಲ್. ಅವನದು ಸೂಳೆಕೆರೆ, ಚಿತ್ರದುರ್ಗದವರೆಗೂ ಕುಡಿಯೋ ನೀರು ಕೊಡೋ ಅಷ್ಟು ದೊಡ್ಡ ಕೆರೆ. ಅವಳದು ಒಣಗಿದ ಕೆರೆಗೆ ಹೊಳೆ ನೀರು ತರೋದು ಹೇಗೆ ಅಂತ. ನೀರು ಇದ್ದವನಿಗೂ ಇಲ್ಲದವಳಿಗೂ ಜಗಳ ಹತ್ತೋಕೆ ಇನ್ನೇನು ಬೇಕು? ಸಂತೇಬೆನ್ನೂರಿನ ಪುಷ್ಕರಣಿಗೆ ಕಾಲೇಜು ಪ್ರವಾಸ ಇರಲಿ. ಹೊನ್ನಾಳಿ ಸೇತುವೆ ಮೇಲೆ ಬಸ್ಸು ಕೆಟ್ಟು ನಿಲ್ಲಲಿ. ರಂಗಯ್ಯನದುರ್ಗದ ಕಾಡಿನಲ್ಲಿ ಕೊಂಡುಕುರಿ ಕಾಣಲಿ. ಸೋತವರು ಬೆಣ್ಣೆದೋಸೆ ಕೊಡಿಸಲಿ.

ಇನ್ನು ಷರತ್ತುಗಳು. ಒಂದು, ಪ್ರೀತಿಗಾಗಿ ಯಾರೂ ಬೇಕಂತಲೇ ಸೋಲೋ ಹಾಗಿಲ್ಲ. ಅವಳ ಮಾರ್ಕ್ಸ್ ಇಳಿಯಬಾರದು, ಅವನದೂ ಇಳಿಯಬಾರದು. ಎರಡು, ಬೇಡ ಅಂದರೆ ಬೇಡ. ಬಸ್‌ಸ್ಟಾಪಿನವರೆಗೆ ಹಿಂಬಾಲಿಸೋದು, ಕೈ ಕೊಯ್ದುಕೊಳ್ಳೋದು ಪ್ರೇಮ ಅಲ್ಲ. ಮೂರು, ತಪ್ಪು ಮಾಡಿದವರು ಬಾಯಿಬಿಟ್ಟು ಕ್ಷಮೆ ಕೇಳಬೇಕು, ಎಂಟು ವರ್ಷ ಕಾಯದೆ. ನಾಲ್ಕು, ಹದಿನೆಂಟು ತುಂಬದವರು ಅನ್ನೋದು ಬರೆಯೋರ ನೆನಪಲ್ಲಿರಬೇಕು. 2012ರ ಪೋಕ್ಸೊ ಕಾಯ್ದೆ ಆ ವಯಸ್ಸಿನವರ ಒಪ್ಪಿಗೆಯನ್ನು ಒಪ್ಪಿಗೆ ಅಂತ ಲೆಕ್ಕಕ್ಕೆ ತಗೊಳ್ಳಲ್ಲ. ಕೈ ಹಿಡಿಯೋವರೆಗೆ ಸಾಕು. ಐದು, ಅಪ್ಪ–ಅಮ್ಮ ವಿಲನ್ ಆಗಬಾರದು. ಅವರ ಹೆದರಿಕೆಗೂ ಕಾರಣ ಇದೆ, ಅದೂ ಕಥೆಯಲ್ಲಿ ಬರಲಿ.

ಅಕ್ಕ ಕೇಳಿದ್ದು 'ಲವ್ ಐತೋ ಇಲ್ವೋ' ಅಂತ. ನನಗೆ ಈಗ ಅನ್ಸೋದು, ಕ್ಲೀನ್ ಅನ್ನೋದು ಅದರಿಂದ ತೀರ್ಮಾನ ಆಗಲ್ಲ. ಒಂದೇ ಒಂದು ಮುತ್ತೂ ಇಲ್ಲದೆ ಮೂರು ಗಂಟೆ ಹುಡುಗಿಯನ್ನು ಕಾಡಿಸೋ ಸಿನಿಮಾಗಳನ್ನು ನಾವು ಮನೆಮಂದಿಯೆಲ್ಲ ಕೂತು ನೋಡಿದೀವಿ. ಅದಕ್ಕೆ ಯಾರೂ ಮೊಬೈಲ್ ಕಿತ್ಕೊಳ್ಳಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕುಗ್ಗಿಸದೆ ಕೊನೆಯ ಪುಟದವರೆಗೆ ಬಂದ್ರಾ ಅಂತ ನೋಡೋಣ. ನಾನಂತೂ ಇನ್ನು ಮೇಲೆ ಅದನ್ನೇ ನೋಡ್ತೀನಿ.

ಲಿಸ್ಟನ್ನು ಪುಟ್ಟಿಗೆ ಕಳಿಸಿದೆ. ಉತ್ತರ ಬಂತು: "ನೀನೇ ಬರಿ ಚಿಕ್ಕಿ."

ನನಗೆ ಕಾದಂಬರಿ ಬರೆಯೋಕೆ ಬರಲ್ಲ, ಅಂಕಣಕ್ಕೇ ಉಸಿರು ಸಿಗ್ತಿಲ್ಲ. ಬರೆಯೋ ಕೈ ನಿಮ್ಮಲ್ಲಿ ಯಾರದಾದರೂ ಇದ್ದರೆ ಈ ಕಥೆ ತಗೊಳ್ಳಿ, ನನ್ನ ಹೆಸರೂ ಬೇಡ. ಬರೆದ ಮೇಲೆ ಎರಡು ಪ್ರತಿ ಮಾತ್ರ ಚನ್ನಗಿರಿಗೆ ಕಳಿಸಬೇಕು. ಅಕ್ಕ ಒಂದರಲ್ಲಿ ಪುಟ್ಟಿಯ ಜೊತೆ ಹಂಚ್ಕೊಂಡು ಓದೋಳಲ್ಲ, ಅವಳದು ಸ್ಪೀಡ್ ಜಾಸ್ತಿ.

ಇನ್ನು ಆ ನೋಟ್‌ಬುಕ್. ಅದು ನ್ಯಾಮತಿಯಲ್ಲಿ ಅಮ್ಮನ ಟ್ರಂಕಿನಲ್ಲಿದೆ, 'ಬೆಳ್ಳಿಮೋಡ'ದ ಪಕ್ಕದಲ್ಲಿ. ಹೋದ ದೀಪಾವಳಿಗೆ ಹೋದಾಗ ನೋಡಿದೆ. ಅಮ್ಮ ಅದಕ್ಕೂ ರಟ್ಟು ಅಂಟಿಸಿದಾಳೆ.